ಆರು ವ್ಯಾಟಿನ ಪ್ರೊಸೆಸರ್ ಬಂದಾಗಿದೆ, ಇನ್ನೂ ಕಾಯೋದು ಯಾಕೆ? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಈ ಸಲ ಬಂದ ಪತ್ರ, ಮೆಸೇಜು ಎಲ್ಲ ತೆಗೆದು ನೋಡಿದ್ರೆ ಮುಕ್ಕಾಲು ಪಾಲು ಒಂದೇ ವಿಷ್ಯ: ಕರೆಂಟು ಕಡಿಮೆ ತಿನ್ನೋ, ನಮ್ಮಂಥವರ ಕೈಗೆ ಎಟುಕೋ ಕಂಪ್ಯೂಟರ್ ಯಾವಾಗ ಬರ್ತದೆ ಅಂತ. ಮಳೆಗಾಲ ಹತ್ರ ಬಂತಲ್ಲ, ಅದಕ್ಕೇ ಇರ್ಬೇಕು. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ದು ಶಿರಸಿಯಿಂದ 18 ಕಿಲೋಮೀಟರ್ ಒಳಗೆ ತೋಟದ ಮನೆ. 2011ರಲ್ಲಿ ತಗೊಂಡ ಡೆಸ್ಕ್‌ಟಾಪ್ ಒಂದಿದೆ. ಹಾಲಿನ ಸಂಘದ ಲೆಕ್ಕ, ಅಡಿಕೆ ಪಟ್ಟಿ, ಬ್ಯಾಂಕು, ಮಗಳ ಓದು, ಇಷ್ಟೇ ನಮ್ಮ ಕೆಲಸ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಎರಡು ದಿನ ತಿರುಗಿ ನೋಡೂದಿಲ್ಲ, ಇನ್ವರ್ಟರ್ ಮೇಲೆ ಕಂಪ್ಯೂಟರ್ ಹಚ್ಚಿದ್ರೆ ಅತ್ತೆ "ಅದನ್ನ ಮೊದ್ಲು ಬಂದ್ ಮಾಡೇ, ರಾತ್ರಿಗೆ ಲೈಟ್ ಬೇಕು" ಅಂತಾರೆ. ನನ್ನ ತಮ್ಮ "ಇನ್ನೊಂದು ವರ್ಷ ತಡಿಯೇ ಅಕ್ಕ, ಕಡಿಮೆ ಕರೆಂಟಿನ ಚಿಪ್ ಬರ್ತದೆ" ಅಂತ ಐದಾರು ವರ್ಷದಿಂದ ಹೇಳ್ತಾನೇ ಇದ್ದಾನೆ. ನಿಜಕ್ಕೂ ಬರ್ತದಾ?
- ಗೃಹಿಣಿ, ಶಿರಸಿ ತಾಲೂಕು

ಉತ್ತರ: ಅಕ್ಕಾ, ಬಂದಾಗಿದೆ. 2023ರ ಶುರುವಿಗೇ ಬಂತು. ಇಂಟೆಲ್ ಎನ್100 ಅಂತ, ನಾಲ್ಕು ಕೋರಿನ (ಲೆಕ್ಕ ಮಾಡೋ ಭಾಗ ನಾಲ್ಕು ಅಂತ) ಪ್ರೊಸೆಸರ್, ಕಂಪನಿ ಕೊಟ್ಟಿರೋ ಲೆಕ್ಕ 6 ವ್ಯಾಟ್. 2015ರಲ್ಲಿ ಐ5 6500 ಅಂತ ಡೆಸ್ಕ್‌ಟಾಪ್ ಪ್ರೊಸೆಸರ್ ಒಂದು ಬಂದಿತ್ತು, ಅದು 65 ವ್ಯಾಟಿಂದು, ದಿನಬಳಕೆ ಕೆಲಸದಲ್ಲಿ ಈ ಎನ್100 ಹೆಚ್ಚುಕಮ್ಮಿ ಅದರ ಸರಿಸಮಕ್ಕೆ ನಿಲ್ತದೆ. 2025ರಲ್ಲಿ ಎನ್150 ಬಂತು, ವೇಗ ಒಂಚೂರು ಜಾಸ್ತಿ, ಅದೂ 6 ವ್ಯಾಟೇ. ನಿಮ್ಮ ಹಾಲಿನ ಲೆಕ್ಕಕ್ಕೆ, ಪಟ್ಟಿಗೆ, ಮಗಳ ವಿಡಿಯೋ ಕ್ಲಾಸಿಗೆ ಇದು ಧಾರಾಳ ಸಾಕು, ಇನ್ನೂ ಮಿಕ್ತದೆ.

ಹಾಗಂತ ನಿಮ್ಮ ತಮ್ಮನ್ನ ಬೈಬೇಡಿ, ಅವರು ತಡಿ ಅಂದಿದ್ದಕ್ಕೆ ಕಾರಣ ಇತ್ತು. 2008ರಲ್ಲಿ ಇಂಟೆಲ್ ಆಟಮ್ ಬಂದಾಗ ಎಲ್ಲರೂ ಇದೇ ಆಸೆ ಇಟ್ಟುಕೊಂಡಿದ್ದು. ಡೆಸ್ಕ್‌ಟಾಪಿಗೆ ಬಂದ ಆಟಮ್ 230 ಬರೀ 4 ವ್ಯಾಟ್, ಕೇಳಿದ್ರೆ ಖುಷಿಯೇ, ಆದ್ರೆ ಅದರ ಪಕ್ಕ ಕೂರಿಸಿದ, ಪ್ರೊಸೆಸರನ್ನ ಉಳಿದ ಭಾಗಗಳಿಗೆ ಜೋಡಿಸೋ 945ಜಿಸಿ ಅನ್ನೋ ಚಿಪ್‌ಸೆಟ್ 22 ವ್ಯಾಟ್ ತಿಂತಿತ್ತು. ಆ ಬೋರ್ಡನ್ನ ಬಿಚ್ಚಿ ನೋಡಿದವರಿಗೆ ಗೊತ್ತು, ಪ್ರೊಸೆಸರ್ ಮೇಲೆ ಸುಮ್ನೆ ಒಂದು ಅಲ್ಯೂಮಿನಿಯಂ ತುಂಡು, ಫ್ಯಾನು ತಿರುಗ್ತಾ ಇದ್ದದ್ದು ಚಿಪ್‌ಸೆಟ್ ಮೇಲೆ! ಕೆಲಸ ಮಾಡೋನಿಗಿಂತ ಜೊತೆಗೆ ಬಂದೋನು ಐದು ಪಟ್ಟು ಜಾಸ್ತಿ ಉಂಡ ಹಾಗೆ. 2013ರ ಸುಮಾರಿಗೆ ಎಲ್ಲ ಒಂದೇ ಚಿಪ್‌ನೊಳಗೆ ಬಂತು, ಆದ್ರೆ ಅಂಥ ಅಗ್ಗದ ಲ್ಯಾಪ್‌ಟಾಪಿಗೆ 2 ಜಿಬಿ ರ‍್ಯಾಮ್, 32 ಜಿಬಿ ಜಾಗ ಕೊಟ್ಟು ಮಾರಿದ್ರು, ವಿಂಡೋಸ್ ಅಪ್‌ಡೇಟ್ ಮಾಡಿದ್ರೆ ಫೈಲ್ ಇಡೋಕೂ ಜಾಗ ಇಲ್ಲ, ಜನ ಪ್ರೊಸೆಸರನ್ನೇ ಶಪಿಸಿದ್ರು. ಎನ್100ರ ಕೋರುಗಳೇ ಬೇರೆ, ಆ ಆಟಮ್ ಹೆಸರಿನ ಮೇಲಿದ್ದ ಬೇಜಾರು ಇದರ ಮೇಲೆ ಇಟ್ಕೊಳ್ಳೋದು ಬೇಡ.

ಇಷ್ಟು ಕಡಿಮೆ ಕರೆಂಟಲ್ಲಿ ಕೆಲಸ ಹೇಗೆ ಆಗ್ತದೆ ಅಂತ ನಿಮ್ಮ ಮಗಳು ಕೇಳಿದ್ರೆ ಹೀಗೆ ಹೇಳಿ. ಚಿಪ್‌ನೊಳಗಿನ ಸ್ವಿಚ್ಚುಗಳು ಆನ್ ಆಫ್ ಆಗ್ವಾಗ ಖರ್ಚಾಗೋ ಕರೆಂಟು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರ್ತದೆ, ಅಂದ್ರೆ ವೋಲ್ಟೇಜು ಅರ್ಧ ಮಾಡಿದ್ರೆ ಖರ್ಚು ಕಾಲು ಭಾಗಕ್ಕೆ ಇಳೀತದೆ. ವೇಗ ಸ್ವಲ್ಪ ತಗ್ಗಿಸಿದ್ರೆ ವೋಲ್ಟೇಜೂ ತಗ್ಗಿಸಬಹುದು, ಸ್ವಿಚ್ಚುಗಳನ್ನ ಸಣ್ಣ ಮಾಡಿದ್ರೆ ಇನ್ನಷ್ಟು. 2004ರ ಪೆಂಟಿಯಂ 4 ಕಾಲದಲ್ಲಿ ವೇಗ ಏರಿಸೋದೊಂದೇ ದಾರಿ ಅಂದ್ಕೊಂಡು ಹೋಗಿ 115 ವ್ಯಾಟ್ ಮುಟ್ಟಿದ್ರು, ಅಲ್ಲಿ ಬಿಸಿ ತಡೆಯೋಕಾಗದೆ ದಾರಿ ಬದಲಿಸಬೇಕಾಯ್ತು. ಆ ಬದಲಾವಣೆ ನಮ್ಮಂಥ ಸಾಮಾನ್ಯ ಮನೆಗೆ ತಲುಪೋಕೆ ಸುಮಾರು ಇಪ್ಪತ್ತು ವರ್ಷ ಹಿಡೀತು.

ಈಗ ನಿಮ್ಮ ಇನ್ವರ್ಟರ್ ಲೆಕ್ಕಕ್ಕೆ ಬರೋಣ, ಇದೇ ಮುಖ್ಯ. 6 ವ್ಯಾಟ್ ಅಂತ ಬರೆದಿದ್ದು ಪ್ರೊಸೆಸರಿನದ್ದು ಮಾತ್ರ, ಗೋಡೆ ಪ್ಲಗ್ಗಿನಲ್ಲಿ ಅಳೆದ್ರೆ ರ‍್ಯಾಮು, ಎಸ್‌ಎಸ್‌ಡಿ, ವೈಫೈ, ಅಡಾಪ್ಟರ್ ನಷ್ಟ ಎಲ್ಲ ಸೇರಿ ಸುಮ್ನೆ ಕೂತಾಗ 6ರಿಂದ 10, ಜೋರು ಕೆಲಸ ಕೊಟ್ಟಾಗ 20, 25 ಆಗ್ತದೆ. ನಿಮ್ಮ ಹಳೇದು ಮಾನಿಟರ್ ಬಿಟ್ಟೇ 70, 80 ತಿಂತಿರ್ತದೆ. ಮನೇಲಿ ಎಲ್ಲರೂ ಹಾಕೋ 12 ವೋಲ್ಟ್ 150 ಎಎಚ್ ಬ್ಯಾಟರಿ ಅಂದ್ರೆ 1800 ವ್ಯಾಟ್ ಅವರ್. ಬ್ಯಾಟರಿ ಬಾಳಿಕೆ ಬರ್ಬೇಕಂದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಇನ್ವರ್ಟರ್ ನಷ್ಟವೂ ಕಳೆದ್ರೆ ಕೈಗೆ ಸಿಗೋದು ಸುಮಾರು 750. ಹಳೇ ಕಂಪ್ಯೂಟರು ಮಾನಿಟರು ಸೇರಿ 100 ವ್ಯಾಟಂದ್ರೆ ಅದೊಂದೇ ಏಳೂವರೆ ತಾಸಿಗೆ ಎಲ್ಲ ಮುಗಿಸ್ತದೆ, ಮನೆಯ ಲೈಟಿಗೆ ಏನೂ ಉಳಿಯೂದಿಲ್ಲ. ಅತ್ತೆ ಹೇಳೋದು ನೂರಕ್ಕೆ ನೂರು ಸರಿ. ಹೊಸದು 10, ಮಾನಿಟರ್ 20, ಒಟ್ಟು 30 ಅಂದ್ರೆ ಅದೇ ಬ್ಯಾಟರೀಲಿ 25 ತಾಸು. ದಿನಕ್ಕೆ ಮೂರು ತಾಸು ಬಳಸಿದ್ರೆ 90 ವ್ಯಾಟ್ ಅವರ್ ಹೋಗ್ತದೆ, ಅತ್ತೆಗೆ ಗೊತ್ತೂ ಆಗೂದಿಲ್ಲ.

ಗಮನಿಸಿದ್ರಾ, ಈಗ ಕಂಪ್ಯೂಟರಿಗಿಂತ ಮಾನಿಟರೇ ಜಾಸ್ತಿ ತಿನ್ನೋದು. ಕರೆಂಟು ಹೋದಾಗ ಅದರ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಐದಾರು ವ್ಯಾಟ್ ಅಲ್ಲೇ ಉಳೀತದೆ. ಹಳೇ ಹಾರ್ಡ್‌ಡಿಸ್ಕನ್ನ ತಂದು ಹೊಸದಕ್ಕೆ ಜೋಡಿಸ್ಬೇಡಿ, ದೊಡ್ಡ ಹಾರ್ಡ್‌ಡಿಸ್ಕ್ ಒಂದೇ 6, 7 ವ್ಯಾಟ್ ತಿಂತದೆ, ಅಂದ್ರೆ ಇಡೀ ಪ್ರೊಸೆಸರಿನಷ್ಟು.

ಇನ್ನೊಂದು ಮಾತು. ಎನ್100 ಹಾಕಿದ ಸಣ್ಣ ಪೆಟ್ಟಿಗೆ ಕಂಪ್ಯೂಟರುಗಳಲ್ಲಿ ಬಹಳಷ್ಟು 12 ವೋಲ್ಟಿನ ಡಿಸಿ ಅಡಾಪ್ಟರಿನವು. ಕೆಲವು 19 ವೋಲ್ಟಿಂದು ಇರ್ತದೆ, ಅಡಾಪ್ಟರ್ ಮೇಲಿನ ಚೀಟಿ ಓದಿಯೇ ತಗೊಳ್ಳಿ. 12ರದ್ದಾದ್ರೆ ಇನ್ವರ್ಟರ್ ಬಂದ್ ಮಾಡಿ ಬ್ಯಾಟರಿಯಿಂದಲೇ ನಡೆಸಬಹುದು, ಇನ್ವರ್ಟರ್ ತಾನು ಸುಮ್ನೆ ಹಚ್ಚಿಟ್ಟಿದ್ದಕ್ಕೇ 10, 15 ವ್ಯಾಟ್ ತಿಂತಿರ್ತದಲ್ಲ, ಅದೂ ಉಳೀತದೆ. ಆದ್ರೆ ನೇರ ವಯರು ಕೊಡ್ಲೇಬೇಡಿ. ಬ್ಯಾಟರಿ ಚಾರ್ಜ್ ಆಗ್ವಾಗ 14 ವೋಲ್ಟ್ ದಾಟ್ತದೆ, ಇಳಿದಾಗ 11ಕ್ಕೆ ಬರ್ತದೆ, ನಡುವೆ 12ಕ್ಕೆ ಸ್ಥಿರ ಇಡೋ ಕನ್ವರ್ಟರ್ ಮತ್ತು ಒಂದು ಫ್ಯೂಜ್ ಹಾಕಿಸಿ, ಎಲೆಕ್ಟ್ರಿಶಿಯನ್ ಹತ್ರವೇ ಮಾಡಿಸಿ.

ತಗೊಳ್ಳುವಾಗ 8 ಜಿಬಿಗಿಂತ ಕಡಿಮೆ ರ‍್ಯಾಮಿಂದು ಬೇಡ, ಆಗೋದಾದ್ರೆ 16 ಜಿಬಿ. ಎಸ್‌ಎಸ್‌ಡಿ ಇರ್ಲಿ, ಇಎಂಎಂಸಿ (ಬೋರ್ಡಿಗೇ ಅಂಟಿಸಿದ ನಿಧಾನದ ಸ್ಟೋರೇಜು) ಅಂತ ಬರೆದಿದ್ರೆ ಬಿಟ್ಟುಬಿಡಿ. ಬಿಲ್ಲಿನ ಆಸೆಗೆ ಮಾತ್ರ ಕೊಳ್ಳೋದಾದ್ರೆ ಅಷ್ಟು ಲಾಭ ಕಾಣೂದಿಲ್ಲ, ದಿನಕ್ಕೆ ಮೂರು ತಾಸಿನ ಲೆಕ್ಕದಲ್ಲಿ ತಿಂಗಳಿಗೆ ಉಳಿಯೋದು ಆರು ಯೂನಿಟ್ ಅಷ್ಟೇ, ಗೃಹಜ್ಯೋತಿ ಇದ್ದ ಮನೆಗೆ ಅದೂ ತಿಳಿಯೂದಿಲ್ಲ. ಲಾಭ ಇರೋದು ಕರೆಂಟು ಇಲ್ಲದ ದಿನ. ಕಾಳಿ, ಶರಾವತಿ ಎರಡೂ ನಮ್ಮ ಜಿಲ್ಲೇಲಿ ಕರೆಂಟು ಮಾಡ್ತವೆ, ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಉಂಟು, ಆದ್ರೂ ಕಾಡಿನೊಳಗಿನ ಲೈನಿನ ಮೇಲೆ ಒಂದು ಮರ ಬಿದ್ರೆ ನಮ್ಮ ಮನೆ ಕತ್ತಲೆ. ಆ ಮಳೇಲಿ ಕಂಬ ಹತ್ತೋ ಲೈನ್‌ಮನ್‌ಗಳನ್ನ ನೋಡಿದ್ರೆ ಸಿಟ್ಟು ಮಾಡೋಕೂ ಮನಸ್ಸು ಬರೂದಿಲ್ಲ.

ಪ್ರಶ್ನೆ: ಇನ್ನೊಂದು ಆರು ತಿಂಗಳು ಕಾದ್ರೆ ರೇಟು ಇಳೀತದಾ ಸರ್? ಕಂಪ್ಯೂಟರ್ ಸಾಮಾನು ವರ್ಷ ವರ್ಷ ಅಗ್ಗ ಆಗ್ತದೆ ಅಂತಾರಲ್ಲ?
- ಓದುಗ, ಭಟ್ಕಳ

ಉತ್ತರ: ಈ ಸಲ ಆ ಮಾತು ನಂಬ್ಬೇಡಿ. ಪ್ರೊಸೆಸರ್ ಅಗ್ಗವೇ ಇದೆ, ಏರಿದ್ದು ರ‍್ಯಾಮು. 2025ರ ಕೊನೇ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಹೋಗ್ತಾ ಇದೆ, ಮಾಡೋ ದೊಡ್ಡ ಕಂಪನಿಗಳು ಬೆರಳೆಣಿಕೆ, ಅವರು ಯಾರು ಜಾಸ್ತಿ ಕೊಡ್ತಾರೋ ಅವರ ಕಡೆ ಮೊದ್ಲು ತಿರುಗ್ತಾರೆ, ನಮ್ಮ ಅಗ್ಗದ ಪೆಟ್ಟಿಗೆಗೆ ಬೀಳೋ ರ‍್ಯಾಮು ದುಬಾರಿ ಆಗ್ತದೆ. ಬೇಕೇ ಬೇಕು ಅನ್ನೋ ಕೆಲಸ ಇದ್ರೆ ತಗೊಳ್ಳಿ. ಈಗಿರೋ ಹಳೇ ಯಂತ್ರದ ರ‍್ಯಾಮು ಹೊಸದಕ್ಕೆ ಕೂರ್ತದಾ ಅಂತ ಕೇಳ್ನೋಡಿ, ಎನ್100 ಡಿಡಿಆರ್4, ಡಿಡಿಆರ್5 ಅನ್ನೋ ಎರಡೂ ತಲೆಮಾರಿನ ರ‍್ಯಾಮನ್ನ ಒಪ್ಪುತ್ತದೆ, ಆದ್ರೆ ಯಾವುದು ಅಂತ ಬೋರ್ಡು ಮಾಡಿದವರೇ ತೀರ್ಮಾನಿಸಿರ್ತಾರೆ. ಹಳೇ ಲ್ಯಾಪ್‌ಟಾಪಿನ ಡಿಡಿಆರ್4 ಕಡ್ಡಿ ಮನೇಲಿದ್ರೆ, ರ‍್ಯಾಮಿಲ್ಲದ ಖಾಲಿ ಪೆಟ್ಟಿಗೆ ತಗೊಂಡು ಅದನ್ನೇ ಕೂರಿಸೋದು ಒಳ್ಳೇ ಉಳಿತಾಯ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ. ಸಮುದ್ರ ಹತ್ರ. ಎರಡು ವರ್ಷಕ್ಕೊಂದು ಮದರ್‌ಬೋರ್ಡ್ ಹೋಗ್ತದೆ. ರಿಪೇರಿಯವ್ರು "ಉಪ್ಪಿನ ಗಾಳಿ, ಏನೂ ಮಾಡೋಕಾಗೂದಿಲ್ಲ" ಅಂತಾರೆ. ಕಡಿಮೆ ವ್ಯಾಟಿಂದು ತಗೊಂಡ್ರೆ ಇದಕ್ಕೇನಾದ್ರೂ ಉಪಯೋಗ ಉಂಟಾ?
- ಅಂಗಡಿಕಾರ, ಕಾರವಾರ

ಉತ್ತರ: ಉಂಟು ಅಣ್ಣಾ, ನನ್ನ ಕೇಳಿದ್ರೆ ನಮ್ಮ ಕರಾವಳಿಗೆ ಕಡಿಮೆ ವ್ಯಾಟಿನ ದೊಡ್ಡ ಉಪಕಾರ ಇದೇ.

ಹೋದ ವರ್ಷ ಆಗಸ್ಟಲ್ಲಿ ಬೈತಖೋಲ ಕಡೆಯ ಒಬ್ಬರ ಅಂಗಡೀಲಿ ಇಂಥದ್ದೇ ಒಂದು ಕ್ಯಾಬಿನೆಟ್ ಬಿಚ್ಚಿದ್ವಿ. ಪಕ್ಕದ ತಗಡು ತೆಗೆಯೋ ಸ್ಕ್ರೂ ತಿರುಗಲೇ ಇಲ್ಲ, ತುಕ್ಕು ಹಿಡಿದು ತಲೆ ಸವೆದು ಹೋಗಿತ್ತು. ಒಳಗೆ ಪ್ರೊಸೆಸರ್ ಫ್ಯಾನಿನ ಎಲೆಗಳ ಮೇಲೆ ಕಂದು ಬಣ್ಣದ ಅಂಟು ಅಂಟು ಧೂಳು, ಬೆರಳಲ್ಲಿ ಮುಟ್ಟಿದ್ರೆ ಒದ್ದೆ. ರ‍್ಯಾಮಿನ ಕಡ್ಡಿ ಎಳೆದು ತೆಗೆದ್ರೆ ಅದು ಕೂರೋ ಗೂಡಿನಲ್ಲಿ ನಾಲ್ಕೈದು ಕಡೆ ಹಸಿರು ಕಿಲುಬು, ತಾಮ್ರದ ಬಿಂದಿಗೇಲಿ ಹುಳಿ ಇಟ್ಟಾಗ ಬರ್ತದಲ್ಲ ಹಾಗೆ. ಧೂಳಿನ ಜೊತೆ ಉಪ್ಪು, ಉಪ್ಪಿನ ಜೊತೆ ತೇವ, ಇಷ್ಟು ಸೇರಿದ್ರೆ ಆ ಧೂಳೇ ಕರೆಂಟು ಹರಿಸೋಕೆ ಶುರು ಮಾಡ್ತದೆ, ಚಿಪ್ಪಿನ ಒಂದು ಕಾಲಿಂದ (ಲೋಹದ ಪಿನ್ನಿಂದ) ಪಕ್ಕದ ಕಾಲಿಗೆ ಸಣ್ಣಗೆ ಸೋರಿ ಸೋರಿ ಲೋಹ ತಿಂದು ಹೋಗ್ತದೆ.

ಈ ಧೂಳನ್ನ ಒಳಗೆ ಕರೆದು ಕೂರಿಸೋದು ಯಾರು? ಫ್ಯಾನು. 65 ವ್ಯಾಟಿನ ಪ್ರೊಸೆಸರಿಗೆ ಫ್ಯಾನಿಲ್ಲದೆ ನಡಿಯೂದಿಲ್ಲ, ದಿನವಿಡೀ ಹೊರಗಿನ ಗಾಳಿ ಎಳೀತಾ ಇರ್ಬೇಕು, ನಿಮ್ಮ ಅಂಗಡಿಗೆ ಬರೋ ಹೊರಗಿನ ಗಾಳಿ ಅಂದ್ರೆ ಸಮುದ್ರದ ಗಾಳಿ. 6 ವ್ಯಾಟಿನದ್ದಾದ್ರೆ ಪೆಟ್ಟಿಗೆಯ ಲೋಹದ ಮೈಯೇ ಬಿಸಿ ಹೊರಗೆ ಬಿಡ್ತದೆ, ಫ್ಯಾನ್‌ಲೆಸ್ ಅಂತ ಕೇಳಿ ತಗೊಳ್ಳಿ, ಮೇಲ್ಗಡೆ ಗೆರೆಗೆರೆಯಾಗಿ ರೆಕ್ಕೆ ಇರೋ ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ ಇರ್ತದೆ. ಗಾಳಿ ಓಡಾಡೋದೇ ಕಡಿಮೆ ಅಂದ್ರೆ ಉಪ್ಪೂ ಕಡಿಮೆ. ಪೂರ್ತಿ ತಡೆಯೋಕೆ ಆಗೂದಿಲ್ಲ, ಸಮುದ್ರದ ಪಕ್ಕ ಅದು ಸಾಧ್ಯವೂ ಅಲ್ಲ, ಆದ್ರೆ ವ್ಯತ್ಯಾಸ ಕಣ್ಣಿಗೆ ಕಾಣೋ ಅಷ್ಟಿರ್ತದೆ.

ಮಳೆಗಾಲದಲ್ಲಿ ಭಾನುವಾರ, ಹಬ್ಬ ಅಂತ ಪೂರ್ತಿ ಬಂದ್ ಮಾಡಿ ಮೂರ್ನಾಲ್ಕು ದಿನ ಇಡ್ಬೇಡಿ. ಬೆಚ್ಚಗಿರೋ ವಸ್ತು ಮೇಲೆ ತೇವ ಕೂರೂದಿಲ್ಲ, 8 ವ್ಯಾಟಿನ ಪೆಟ್ಟಿಗೆ ಹಗಲೂ ರಾತ್ರಿ ಹಚ್ಚಿಟ್ರೂ ತಿಂಗಳಿಗೆ ಆರು ಯೂನಿಟ್ಟಿನ ಒಳಗೇ, ಹಳೇದರಲ್ಲಿ ಇದು ಮಾಡೋ ಹಾಗೇ ಇರ್ಲಿಲ್ಲ. ಸಿಡಿಲು ಗುಡುಗು ಇದ್ದ ದಿನ ಮಾತ್ರ ಪ್ಲಗ್ಗು, ಇಂಟರ್ನೆಟ್ ವಯರು ಎರಡೂ ಕಿತ್ತಿಡಿ. ಮತ್ತೆ ಏಪ್ರಿಲ್, ಮೇ ಸೆಕೇಲಿ ಫ್ಯಾನ್‌ಲೆಸ್ ಪೆಟ್ಟಿಗೆ ಮೇಲೆ ಅರ್ಜಿ ಫಾರ್ಮಿನ ಕಟ್ಟು ಇಡ್ಬಾರದು, ಬಿಸಿ ಹೋಗೋಕೆ ದಾರಿ ಇಲ್ದಿದ್ರೆ ಅದು ತನ್ನ ವೇಗ ತಾನೇ ತಗ್ಗಿಸ್ಕೊಳ್ತದೆ, ಗಿರಾಕಿ ಎದುರು ಕೂತಾಗ ನಿಮಗೆ ಕಿರಿಕಿರಿ. ಬೆರಳಿನ ಗುರುತು ತೆಗೆಯೋ ಯಂತ್ರ, ಪ್ರಿಂಟರು ಇದ್ಯಲ್ಲ, ಅದಕ್ಕೆಲ್ಲ ವಿಂಡೋಸೇ ಬೇಕಾಗ್ತದೆ ನಿಮಗೆ. ವಿಂಡೋಸ್ 10ಕ್ಕೆ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಎನ್100ಕ್ಕೆ ವಿಂಡೋಸ್ 11 ಸರಿಯಾಗಿ ಕೂರ್ತದೆ, ಚಿಂತೆ ಇಲ್ಲ.

ಪ್ರಶ್ನೆ: ನಾನು ಕುಮಟಾದಲ್ಲಿ ಡಿಪ್ಲೊಮಾ ಓದ್ತಿದ್ದೇನೆ. ರಾಸ್ಪ್‌ಬೆರಿ ಪೈ 5 ತಗೊಂಡು ಅದನ್ನೇ ಮನೆ ಕಂಪ್ಯೂಟರ್ ಮಾಡ್ಕೊಳ್ಬಹುದಾ? ಅಪ್ಪ ಎಷ್ಟು ಕಡಿಮೆ ಆಗ್ತದೋ ಅಷ್ಟು ಒಳ್ಳೇದು ಅಂತಿದ್ದಾರೆ.

ಉತ್ತರ: ತಮ್ಮಾ, ಕಲಿಯೋಕೆ ಅದಕ್ಕಿಂತ ಒಳ್ಳೇದು ಇಲ್ಲ, ಆದ್ರೆ ಮನೆಯ ಒಂದೇ ಕಂಪ್ಯೂಟರ್ ಅಂತಾದ್ರೆ ನಾನು ಬೇಡ ಅಂತೇನೆ. 2012ರಲ್ಲಿ 35 ಡಾಲರಿಗೆ ಬಂದ, ಇಡೀ ಕಂಪ್ಯೂಟರು ಒಂದೇ ಪುಟ್ಟ ಬೋರ್ಡಿನ ಮೇಲಿರೋ ಥರದ್ದು ಅದು, 2023ರ ಪೈ 5ರಲ್ಲಿ 2.4 ಗಿಗಾಹರ್ಟ್ಸಿನ ನಾಲ್ಕು ಆರ್ಮ್ ಕೋರು (ಇಂಟೆಲ್ಲಿಗಿಂತ ಬೇರೆ ಜಾತಿಯ ವಿನ್ಯಾಸ) ಇದ್ದಾವೆ, ವೇಗ ಸಾಕು. ಆದ್ರೆ ಬೋರ್ಡಿನ ದುಡ್ಡಿನ ಮೇಲೆ 5 ವೋಲ್ಟ್ 5 ಆಂಪಿಯರಿನ ಅವರದ್ದೇ ಅಡಾಪ್ಟರು, ಡಬ್ಬಿ, ತಂಪು ಮಾಡೋ ಫ್ಯಾನು, ಮೆಮೊರಿ ಕಾರ್ಡು ಅಂತ ಒಂದೊಂದೇ ಸೇರಿಸ್ತಾ ಹೋದ್ರೆ ಸಣ್ಣ ಎನ್100 ಪೆಟ್ಟಿಗೆಯ ಬೆಲೆಯ ಹತ್ರಕ್ಕೇ ಬಂದು ನಿಲ್ತದೆ, ಮೇಲಿಂದ ಕಾಲೇಜಲ್ಲಿ ಬಳಸೋ ವಿಂಡೋಸ್ ಸಾಫ್ಟ್‌ವೇರ್ ಅದರಲ್ಲಿ ನಡಿಯೂದಿಲ್ಲ. ಅಪ್ಪನ ದುಡ್ಡು ಒಂದೇ ಸಲ ಹೋಗೋದು, ಅದಕ್ಕೆ ಹೇಳ್ತಿದ್ದೇನೆ.

ಆರ್ಮ್ ಅಂದೆನಲ್ಲ, ಅದರದ್ದೊಂದು ಕತೆ ನಿನಗೆ ಇಷ್ಟ ಆಗ್ತದೆ. 1985ರ ಏಪ್ರಿಲಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಕಂಪನಿಯವರು ತಮ್ಮ ಮೊದಲ ಆರ್ಮ್ ಚಿಪ್ ಬೋರ್ಡಿಗೆ ಹಾಕಿ ಚಾಲೂ ಮಾಡಿದ್ರು, ಕೆಲಸ ಮಾಡ್ತು, ಎಷ್ಟು ಕರೆಂಟು ಎಳೀತದೆ ಅಂತ ಆಂಪಿಯರ್ ಮೀಟರ್ ನೋಡಿದ್ರೆ ಸೊನ್ನೆ. ಹುಡುಕಿದ್ರೆ ಚಿಪ್‌ಗೆ ಕರೆಂಟು ಕೊಡೋ ಸಂಪರ್ಕವೇ ಕೂತಿರ್ಲಿಲ್ಲ, ಪಕ್ಕದ ಬೇರೆ ಚಿಪ್‌ಗಳಿಂದ ಸಿಗ್ನಲ್ ತಂತಿಗಳ ಮೂಲಕ ಸೋರಿ ಬರ್ತಿದ್ದ ಕರೆಂಟಲ್ಲೇ ಅದು ಲೆಕ್ಕ ಮಾಡ್ತಾ ಕೂತಿತ್ತು! ನಿನ್ನ ಜೇಬಿನ ಫೋನಿನೊಳಗೆ ಇರೋದು ಅದೇ ವಂಶದ ಚಿಪ್ಪೇ.

ಪ್ರಶ್ನೆ: ನಾನು ನಿವೃತ್ತ ಮಾಸ್ತರು. ನಮ್ಮ ದೇಶದ್ದೇ ಪ್ರೊಸೆಸರ್ ಬರ್ತದೆ ಅಂತ ಪೇಪರಲ್ಲಿ ಓದ್ತಾ ಇರ್ತೇನೆ. ಅದು ಬಂದ ಮೇಲೆ ತಗೊಳ್ಳೋಣ ಅಂತ ಆಸೆ.
- ಅಂಕೋಲಾ

ಉತ್ತರ: ಮಾಸ್ತರೇ, ಆಸೆ ನನಗೂ ಅಷ್ಟೇ ಉಂಟು, ಆದ್ರೆ ಅದಕ್ಕೋಸ್ಕರ ಕಂಪ್ಯೂಟರ್ ಇಲ್ಲದೆ ಕೂರ್ಬೇಡಿ.

ನಿಮಗೆ ಸಿಂಪ್ಯೂಟರ್ ನೆನಪಿರ್ಬೇಕು. ಈ ಶತಮಾನದ ಶುರುವಿನಲ್ಲಿ ನಮ್ಮ ಬೆಂಗಳೂರಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಇಂಜಿನಿಯರುಗಳು ಸೇರಿ ಮಾಡಿದ್ದು, ಹಳ್ಳಿಯವರಿಗೂ ಆಗ್ಬೇಕು, ನಮ್ಮ ಭಾಷೇಲಿ ಮಾತಾಡ್ಬೇಕು, ಬ್ಯಾಟರೀಲಿ ನಡೀಬೇಕು ಅಂತ ಅಂಗೈ ಅಗಲದ ಕಂಪ್ಯೂಟರು. ನಾವು ಇವತ್ತು ಕೇಳ್ತಿರೋದನ್ನ ಅವರು ಸ್ಮಾರ್ಟ್‌ಫೋನಿಗೂ ಎಲ್ಲರ ಕೈಗೆ ಬರೋ ಮೊದಲೇ ಕಂಡಿದ್ರು. ಅದರೊಳಗಿನ ಪ್ರೊಸೆಸರ್ ಮಾತ್ರ ಹೊರಗಿಂದೇ, 206 ಮೆಗಾಹರ್ಟ್ಸಿನ ಸ್ಟ್ರಾಂಗ್‌ಆರ್ಮ್. ಅಂದುಕೊಂಡಷ್ಟು ಮಾರಾಟ ಆಗ್ಲಿಲ್ಲ, ಆ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ಈಗ ಚಿಪ್ಪೇ ನಮ್ಮದು ಮಾಡೋ ಕೆಲಸ ನಡೀತಿದೆ. ಮದ್ರಾಸ್ ಐಐಟಿಯವರ 'ಶಕ್ತಿ' ಅನ್ನೋ ಪ್ರೊಸೆಸರ್ 2014ರಲ್ಲಿ ಶುರುವಾದದ್ದು, ಸಿ-ಡ್ಯಾಕ್‌ನವರದ್ದು (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) 'ವೇಗ' ಅನ್ನೋ ಹೆಸರಿನದ್ದು, ಎರಡೂ ರಿಸ್ಕ್-ಫೈವ್ ಅನ್ನೋ ಮುಕ್ತ ವಿನ್ಯಾಸದ ಮೇಲೆ ನಿಂತಿದ್ದು, ಅದಕ್ಕೆ ಯಾರಿಗೂ ಲೈಸೆನ್ಸ್ ದುಡ್ಡು ಕಟ್ಟಬೇಕಾಗಿಲ್ಲ. 2022ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಒಂದು ಕಾರ್ಯಕ್ರಮ ಮಾಡ್ತು. 2025ರ ಸೆಪ್ಟೆಂಬರಲ್ಲಿ ತೋರಿಸಿದ ವಿಕ್ರಮ್ 3201 ಅನ್ನೋ ಚಿಪ್ ಇಸ್ರೋದ ರಾಕೆಟ್ಟಿಗೆ, ಮೊಹಾಲಿಯ ಕಾರ್ಖಾನೇಲಿ 180 ನ್ಯಾನೋಮೀಟರಲ್ಲಿ ಆದದ್ದು (ಈ ಅಂಕಿ ಸಣ್ಣದಾದಷ್ಟೂ ಚಿಪ್ಪಿನೊಳಗಿನ ಸ್ವಿಚ್ಚು ಸಣ್ಣ). ರಾಕೆಟ್ಟಿಗೆ ಬೇಕಾದ್ದು ಗಟ್ಟಿತನ, ಅಲ್ಲಿಗೆ ಅದು ಸರಿ. ಆದ್ರೆ ನಿಮ್ಮ ಮೇಜಿನ ಮೇಲೆ ವಿಡಿಯೋ ನಡೆಸೋ ಚಿಪ್ 10 ನ್ಯಾನೋಮೀಟರ್, ಅದಕ್ಕೂ ಕೆಳಗಿನ ತರಗತಿಯದ್ದು. ನಮ್ಮಲ್ಲಿ ಗುಜರಾತಿನ ಧೋಲೇರಾದಲ್ಲಿ ಕಟ್ತಿರೋ ಟಾಟಾ ಕಾರ್ಖಾನೆ 28 ನ್ಯಾನೋಮೀಟರ್‌ವರೆಗೆ ಮಾಡೋ ಯೋಜನೆಯದ್ದು. ಮೊದ್ಲು ಮೀಟರು, ವಾಹನ, ಯಂತ್ರಗಳೊಳಗೆ ನಮ್ಮ ಚಿಪ್ ಬರ್ತದೆ, ಮೇಜಿಗೆ ಆಮೇಲೆ. ನೀವು ಈಗ ಒಂದು ತಗೊಂಡು ಮೊಮ್ಮಕ್ಕಳಿಗೆ ಅದರಲ್ಲಿ ಪ್ರೋಗ್ರಾಂ ಬರೆಯೋದು ಕಲಿಸಿ ಮಾಸ್ತರೇ, ಶಕ್ತಿ ವಿನ್ಯಾಸದ ಕೋಡ್ ಇಂಟರ್ನೆಟ್ಟಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ತೆಗೆದು ತೋರಿಸಿ.

ಪ್ರಶ್ನೆ: ದಾಂಡೇಲಿಯಲ್ಲಿ ಒಬ್ಬರು ಆಫೀಸಿಂದ ಬಂದ ಸೆಕೆಂಡ್‌ಹ್ಯಾಂಡ್ ಪುಟ್ಟ ಡೆಸ್ಕ್‌ಟಾಪ್ ಮಾರ್ತಿದ್ದಾರೆ, ಐ5 8500ಟಿ ಅಂತೆ. ಹೊಸ ಎನ್100 ಬಿಟ್ಟು ಇದು ತಗೊಳ್ಬಹುದಾ?

ಉತ್ತರ: ತಗೊಳ್ಬಹುದು, ಬೆಲೆ ಹೊಸ ಎನ್100ಗಿಂತ ಕಡಿಮೆ ಇದ್ರೆ. ಕೊನೇಲಿ ಟಿ ಅಂತ ಇದ್ರೆ 35 ವ್ಯಾಟಿಂದು ಅಂತ, ಆರು ಕೋರು, ಕೆಲಸದಲ್ಲಿ ಎನ್100ಗಿಂತ ಜೋರೇ. ಸುಮ್ನೆ ಕೂತಾಗ ಇದೂ 10 ವ್ಯಾಟಿನ ಆಸುಪಾಸಿಗೆ ಇಳೀತದೆ, ಎಂಟನೇ ತಲೆಮಾರಿಂದು ಆದ್ದರಿಂದ ವಿಂಡೋಸ್ 11 ಕೂಡ ನಡೀತದೆ. ಏಳನೇ ತಲೆಮಾರಿಂದು ತಂದು ಇದೇ ಅಂತ ಕೊಟ್ರೆ ಬೇಡ. ಫ್ಯಾನ್ ಇರ್ತದೆ, ಅದಕ್ಕೇ ಕಾರವಾರದವರಿಗೆ ನಾನು ಇದನ್ನ ಹೇಳ್ಲಿಲ್ಲ, ನಿಮ್ಮ ದಾಂಡೇಲಿಗೆ ತೊಂದ್ರೆ ಇಲ್ಲ. ತಗೊಳ್ಳೋ ಮೊದ್ಲು ಹಿಂದಿನ ಮುಚ್ಚಳ ಬಿಚ್ಚಿಸಿ ಫ್ಯಾನಿನ ಧೂಳು, ರ‍್ಯಾಮಿನ ಕಾಲು ನೋಡಿ, ಅರ್ಧ ತಾಸು ವಿಡಿಯೋ ಹಚ್ಚಿಟ್ಟು ಕಿವಿ ಕೊಟ್ಟು ಕೇಳಿ, ಮತ್ತೆ ಅಡಾಪ್ಟರ್ ಆ ಪೆಟ್ಟಿಗೆ ಮಾಡಿದ ಕಂಪನಿಯದ್ದೇನಾ ಅಂತ ಚೀಟಿ ತಾಳೆ ಮಾಡಿ ದುಡ್ಡು ಕೊಡಿ.